ಒಬ್ಬರಿಗೆ ಒಂದೇ ಕಲ್ಲು

ಮೊದಲು ಆ ಟೀವಿಯ ಬಾಯಿ ಮುಚ್ಚಿ. ಬಾಗಿಲು ತೆರೆದೇ ಇರಲಿ, ಅಡ್ಡಿಲ್ಲ... ಬರುವವರು ಬಾಗಿಲು ಹಾಕಿದರೂ ಬರುತ್ತಾರೆ.

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನನ್ನ ಒಡಹುಟ್ಟಿದ ತಂಗಿ ಪದ್ದು, ಅವಳ ಮಗ ರವಿರಾಜ, ಅವನಿಗೆ ಆದದ್ದು. ಹೋದ ವರ್ಷದ ಮಾಗಿ ಚಳಿಯಲ್ಲಿ. ನಾನು ಎಂಥವ ಅಂತ ನಿಮಗೆ ಗೊತ್ತಿದೆ. ಹೆಬ್ಬಾವನ್ನು ಹಗ್ಗ ಅಂದುಕೊಂಡು ಅದರಲ್ಲೇ ದೋಣಿ ಕಟ್ಟಿ, ಮನೆಗೆ ಹೋಗಿ ಉಂಡು ಮಲಗಿದವ. ಹೆದರಿಕೆ ಅನ್ನುವುದು ನನ್ನ ಮೈಯಲ್ಲಿ ಹುಟ್ಟಲೇ ಇಲ್ಲ. ಅಂಥ ನಾನೂ ಈ ಕತೆ ಹೇಳುವಾಗ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಳ್ಳುತ್ತೇನೆ. ನೋಡಿ, ಇಟ್ಟುಕೊಂಡೆ.

ಅವತ್ತು ರವಿರಾಜನ ರಿಕ್ಷಾ ಕುಂದಾಪುರದ ಗ್ಯಾರೇಜಿನಲ್ಲಿತ್ತು. ಕೊನೆಯ ಬಸ್ಸು ಹಿಡಿದು ಬಸ್ರೂರಿನಲ್ಲಿ ಇಳಿದಾಗ ಗಂಟೆ ಒಂಬತ್ತೂ ಮುಕ್ಕಾಲು. ಇಳಿದವ ಅವನೊಬ್ಬನೇ. ಮನೆ ಹೊಳೆಯ ಬದಿಗೆ. ಹಳೇ ಕೇರಿಯ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಮೊದಲು ಆಲದ ಮರ. ಆಮೇಲೆ ಬೀಗ ಬಿದ್ದ ಅಂಗಡಿಗಳ ಸಾಲು. ಆಮೇಲೆ ಅಮ್ಮಣ್ಣಿಯ ಮನೆ. ಮನೆಯ ಎದುರು ಬಾವಿ. ಬಾವಿಯ ಪಕ್ಕ ಆ ಕಲ್ಲು.

ಆಲದ ಬುಡಕ್ಕೆ ಬಂದ. ಹಣ್ಣು ಉದುರುವ ಸದ್ದು... ಟಪ್. ಸ್ವಲ್ಪ ಬಿಟ್ಟು, ಟಪ್. ಗಾಳಿ ಇಲ್ಲ. ಆಗ ಮುಂದಿನ ಕತ್ತಲೆಯಲ್ಲಿ ಯಾರೋ ಪಿಸುಗುಟ್ಟಿದರು.

"ಬನಿ... ಬನಿ... ಹತ್ರ ಬನಿ. ಹಿಂದಿಪ್ಪರಿಗೂ ಕಾಣ್ಕ್ ಅಲ್ದಾ..."

ರವಿರಾಜ ನಿಂತ. ಹೆದರಿ ಅಲ್ಲ. ಮೊದಲು ಅವನಿಗೆ ಬಂದದ್ದು ಸಿಟ್ಟು. ಯಾಕೆಂದರೆ, ಹಿಂದಿರುವವರಿಗೂ ಕಾಣಬೇಕಲ್ಲ ಅನ್ನುವ ಆ ಮಾತು ಅವನದು. ದನಿ ಮಾತ್ರ ಒಂದು ಹೆಂಗಸಿನದು.

ಮಾತು ಅವನದು ಹೇಗೆ ಅಂತ ಹೇಳದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ಅವನು ಸ್ವಲ್ಪ ಹೊತ್ತು ಆಲದ ಬುಡದಲ್ಲೇ ನಿಂತಿರಲಿ.

ಹಟ್ಟಿಯಂಗಡಿಯ ದೇವಸ್ಥಾನಕ್ಕೆ, ಮರವಂತೆಯ ಕಡಲಿಗೆ ಅಂತ ಪರವೂರಿನ ಜನ ಕುಂದಾಪುರಕ್ಕೆ ಬರುತ್ತಾರಲ್ಲ, ಅವರನ್ನು ರಿಕ್ಷಾಕ್ಕೆ ಹತ್ತಿಸಿಕೊಂಡು, "ಹಾಂಗೇ ನಮ್ಮೂರ್ ಒಂದ್ ಕಂಡ್ಕಂಡ್ ಹೋಪ" ಅಂತ ಹಳೇ ಕೇರಿಗೆ ತಿರುಗಿಸುವವ ನಮ್ಮ ರವಿರಾಜ. ಊರು ಹಳೆಯದು, ಅದರಲ್ಲಿ ಸುಳ್ಳಿಲ್ಲ. ಹೊಳೆಯಲ್ಲಿ ಹಡಗು ಬಂದು ನಿಲ್ಲುತ್ತಿದ್ದ ಕಾಲ ಒಂದಿತ್ತು. ಅಕ್ಕಿ ಇಲ್ಲಿಂದ ಕಡಲಾಚೆಗೆ ಹೋಗುತ್ತಿತ್ತು. ಈಗ ಕೇರಿಗಳ ಹೆಸರು ಉಳಿದಿದೆ, ದೇವಸ್ಥಾನ ಉಳಿದಿದೆ, ಕೆರೆ ಉಳಿದಿದೆ, ಅಲ್ಲೊಂದು ಇಲ್ಲೊಂದು ಅಕ್ಷರದ ಕಲ್ಲು. ತೋರಿಸಿದರೆ ಅರ್ಧ ಗಂಟೆಯಲ್ಲಿ ಮುಗಿಯಿತು. ಆಮೇಲೆ ಬಂದವರು ಮೊಬೈಲು ತೆಗೆದು ಆಕಳಿಸಲು ಶುರು. ಅದನ್ನು ತಡೆಯಲಿಕ್ಕೆ ರವಿರಾಜನಿಗಾಗುವುದಿಲ್ಲ. ಅವನಿಗೆ ಬಂದದ್ದು ನಮ್ಮ ಮನೆಯ ಬಾಯಿ. ಕೇಳುವವರು ಆಕಳಿಸಿದರೆ ನಮಗೆ ಉಂಡ ಅನ್ನ ಕರಗುವುದಿಲ್ಲ.

ಹಾಗೆ ಒಂದು ದಿನ ಆಕಳಿಸಿದವರ ಮುಂದೆ ಅವನು ಬೆರಳು ಮಾಡಿ ತೋರಿಸಿದ್ದು ಅಮ್ಮಣ್ಣಿ ಮನೆ ಬಾವಿಯ ಪಕ್ಕದ ಕಲ್ಲನ್ನು. ಎದೆಮಟ್ಟದ ಕಲ್ಲು. ಅದರಲ್ಲಿ ಒಬ್ಬಳು ಹೆಂಗಸು. ಮೊಣಕೈ ಮಡಚಿ, ಬಲಗೈ ಮೇಲೆತ್ತಿ, ಅಂಗೈ ನಮ್ಮ ಕಡೆಗೆ. ಕೈತುಂಬ ಬಳೆ. ಒಂದು ಅಕ್ಷರವೂ ಇಲ್ಲ. ಓದಿದವರು ಬಂದು ಒಬ್ಬರು ಮಾಸ್ತಿಕಲ್ಲು ಅಂದರು, ಇನ್ನೊಬ್ಬರು ಅಲ್ಲ ಅಂದರು. ಯಾರ ಕಲ್ಲು ಅಂತ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ರವಿರಾಜನಿಗೆ ಮಾತ್ರ ನಿಂತ ಕಾಲಿನಲ್ಲೇ ಗೊತ್ತಾಯಿತು!

"ಬನಿ, ಬನಿ, ಹತ್ರ ಬನಿ. ಹಿಂದಿಪ್ಪರಿಗೂ ಕಾಣ್ಕ್ ಅಲ್ದಾ? ಇವ್ಳ್ ಯಾರ್ ಗೊತ್ತಿತ್ತಾ? ಇದೇ ಬಾವಿಯ ಯಜಮಾನ್ತಿ. ಒಂದ್ ದಿನ ಹಡ್ಗಿಂದ ಇಳ್ದ್ ಒಬ್ಬ ಆಸ್ರ್ ಆಯಿ ಸಾಯ್ತಾ ಬಂದ. ಒಂದ್ ಗುಟ್ಕ್ ನೀರ್ ಕೊಡಿ ಅಂದ. ಇವ್ಳ್ ಕೈ ಎತ್ತಿ 'ಹೋಗ್' ಅಂದ್ಳ್. ಕಾಣಿ, ಕೈ ಕಾಣಿ! ಅವ ಇಲ್ಲೇ ಬಿದ್ ಸತ್ತ. ಅದ್ಕೆ ಊರರ್ ಇವ್ಳಿಗೆ ಕಲ್ಲ್ ಹೊಡ್ದ್ರ್. ಇವತ್ತಿಗೂ ಬಂದರ್ ಒಂದ್ ಕಲ್ಲ್ ಹಾಕ್ದೆ ಹೋಪ್ಕಿಲ್ಲ. ಒಬ್ರಿಗೆ ಒಂದೇ ಕಲ್ಲ್. ಗುರಿ ತಪ್ಪಿರೆ ಮತ್ತೊಂದಿಲ್ಲ!"

ಯಾರೂ ಆಕಳಿಸಲಿಲ್ಲ. ರಸ್ತೆಬದಿಯ ಹರಳು ಹೆಕ್ಕಿ ಎಲ್ಲರೂ ಹೊಡೆದರು. ಮಕ್ಕಳು ಕುಣಿದರು.

ಆ ಗುಂಪಿನಲ್ಲಿ ಪ್ರಜ್ಞಾ ಅಂತ ಒಬ್ಬಳು ಹುಡುಗಿ ಇದ್ದಳು. ಊರೂರು ಸುತ್ತಿ ವಿಡಿಯೋ ಮಾಡುವವಳು. ಅವಳು ಮೊಬೈಲು ಹಿಡಿದುಕೊಂಡೇ ಕೇಳಿದಳು, "ಇದು ನಿಜವಾ ಅಣ್ಣಾ?"

ರವಿರಾಜ ಹುಬ್ಬು ಹಾರಿಸಿ ಹೇಳಿದ. "ಸುಳ್ಳಾರೆ ಅವ್ಳೇ ಹೇಳ್ಲಿ ಕಾಂಬ. ಕಲ್ಲ್ ಮಾತಾಡತ್ತಾ?"

ಆ ಒಂದು ಮಾತಿಗೆ ವಿಡಿಯೋ ಲಕ್ಷ ಜನಕ್ಕೆ ಹೋಯಿತು. ಆಮೇಲೆ ಜನ ದೇವಸ್ಥಾನ ಕೇಳುವುದು ಬಿಟ್ಟರು, ಕೆರೆ ಕೇಳುವುದು ಬಿಟ್ಟರು. ಇಳಿದ ಕೂಡಲೇ, "ನೀರು ಕೊಡದವಳ ಕಲ್ಲು ಎಲ್ಲಿ?" ರವಿರಾಜ ಬಂದು ನನ್ನ ಹತ್ತಿರ ಹೇಳಿಕೊಂಡ, "ಮಾವಾ, ಒಂದ್ ಪದ್ಧತಿ ಹುಟ್ಟಿಸ್ದೆ ಕಾಣಿ!" ನಾನು ಅವನ ಬೆನ್ನು ತಟ್ಟಿದೆ. ಹೌದು, ತಟ್ಟಿದೆ. ಈಗ ಯಾಕೆ ಸುಳ್ಳು ಹೇಳಲಿ.

ಅಮ್ಮಣ್ಣಿ ಒಬ್ಬಳೇ ಬಂದು ಬೇಡ ಅಂದದ್ದು. ಎಪ್ಪತ್ತೈದು ದಾಟಿದ ಹೆಂಗಸು, ನಮ್ಮ ಪದ್ದುವಿನ ಜೊತೆಗಾತಿ. ಅವರ ಮನೆಯಲ್ಲಿ ಒಂದು ರೂಢಿ ಉಂಟು. ಬೆಳಿಗ್ಗೆ ಬಾವಿಯಿಂದ ಸೇದಿದ ಮೊದಲ ಕೊಡ ಆ ಕಲ್ಲಿನ ಬುಡಕ್ಕೆ. ಎರಡನೇ ಕೊಡ ಮನೆಗೆ. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಅತ್ತೆಯ ಅತ್ತೆಯೂ ಹಾಗೆ.

"ರವೀ, ನೀರ್ ಕೊಡ್ದಿದ್ದವ್ಳಿಗೆ ನಾವ್ ದಿನಾ ನೀರ್ ಹಾಕೂದಾ?" ಅಂದಳು. "ಅವ್ಳ್ ಯಾರದೋ ಮಗಳ್ ಅಲ್ದಾ ಮಗಾ. ಹಾಂಗೆಲ್ಲ ಹೇಳ್ಬ್ಯಾಡ."

"ದೊಡ್ಡಮ್ಮ, ಅವ್ಳ್ ಸತ್ತ್ ಐನೂರ್ ವರ್ಷ ಆಯ್ತ್. ಅವ್ಳಿಗೆ ಎಂತ ಬೇಜಾರ್?"

"ನಿಂಗ್ ಹೆಂಗ್ ಗೊತ್ತ್?"

ರವಿರಾಜ ನಕ್ಕು ರಿಕ್ಷಾ ಎಬ್ಬಿಸಿದ.

ಆಮೇಲೆ ಒಂದು ಭಾನುವಾರ ಒಬ್ಬ ದಪ್ಪ ಆಳು ಹರಳು ಬಿಟ್ಟು ದೊಡ್ಡ ಜಲ್ಲಿ ತೆಗೆದು ಬೀಸಿದ. ಟಣ್... ಅಂತ ಒಂದು ಸದ್ದು. ಕಲ್ಲಿನ ಹೆಂಗಸಿನ ಕಿರುಬೆರಳು ಮುರಿದು ಕೆಳಗೆ ಬಿತ್ತು. ಗುಂಪು ಚಪ್ಪಾಳೆ ತಟ್ಟಿತು. ರವಿರಾಜನೂ ನಕ್ಕ. ಈಗಲೂ ಅವನನ್ನು ಕೊರೆಯುವುದು ಅದೇ. ಒಡೆದವ ಅವನಲ್ಲ, ನಕ್ಕವ ಅವನು. ಜನ ಹೋದ ಮೇಲೆ ಕಡಲೆಬೀಜದಷ್ಟು ದೊಡ್ಡ ಆ ಬೆರಳನ್ನು ಹೆಕ್ಕಿದ. ಕೈಯಲ್ಲಿ ಹಿಡಿದಾಗ ಅದಕ್ಕೆ ಉಗುರು ಕೂಡ ಕೊರೆದದ್ದು ಕಂಡಿತಂತೆ. ಯಾವನೋ ಒಬ್ಬ, ಯಾವುದೋ ಕಾಲದಲ್ಲಿ ಕೂತು, ಅವಳ ಉಗುರಿನವರೆಗೂ ಕೊರೆದಿದ್ದ. ರವಿರಾಜ ಅದನ್ನು ರಿಕ್ಷಾದೊಳಗೆ ಗಣಪತಿ ಪಟದ ಹಿಂದೆ ಸಿಕ್ಕಿಸಿ ಇಟ್ಟ.

ಮಾರನೇ ದಿನ ಅಮ್ಮಣ್ಣಿ ಕೇಳಿದಳು. "ಅವ್ಳ್ ಬೆರಳ್ ಎಲ್ಲಿ ಹೋಯ್ತ್ ರವೀ?"

"ನಂಗ್ ಗೊತ್ತಿಲ್ಲ" ಅಂದ.

ನೋಡಿ, ಗೊತ್ತಿಲ್ಲದ್ದನ್ನು ಗೊತ್ತು ಅಂದವ, ಗೊತ್ತಿದ್ದದ್ದನ್ನು ಗೊತ್ತಿಲ್ಲ ಅಂದ. ಆ ಸೋಮವಾರದಿಂದ ಅವನು ಅಮ್ಮಣ್ಣಿಯ ಮನೆಯೆದುರು ಹೋಗುವಾಗ ಹಾರ್ನ್ ಕೂಡ ಒತ್ತುತ್ತಿರಲಿಲ್ಲ. ಗುರುವಾರ ರಿಕ್ಷಾ ಕೆಟ್ಟಿತು. ಗುರುವಾರ ರಾತ್ರಿ ಅವನು ಆಲದ ಬುಡದಲ್ಲಿ...

ಹ್ಞಾ, ಅಲ್ಲೇ ನಿಂತಿದ್ದಾನಲ್ಲ ಇನ್ನೂ.

ಯಾರೋ ತನ್ನನ್ನು ಅಣಕಿಸುತ್ತಿದ್ದಾರೆ ಅಂದುಕೊಂಡ. "ಹ್ವಾಯ್! ಯಾರದ್?" ಅಂತ ಕೂಗಿದ. ಅಂಗಡಿ ಸಾಲಿನ ಕಡೆಯಿಂದ ಹೆಜ್ಜೆ ಸದ್ದು. ಒಬ್ಬರದಲ್ಲ... ಹತ್ತಾರು ಜನರದು. ಚರಕ್, ಚರಕ್, ಚರಕ್, ತೊಗಲಿನ ಚಪ್ಪಲಿ ಹರಳಿನ ಮೇಲೆ. ನಡುವೆ ಒಂದು ದೊಣ್ಣೆ ಊರುವ ಸದ್ದು, ಟೊಕ್. ಇವನು ನಡೆದರೆ ಅವರೂ ನಡೆದರು. ಇವನು ನಿಂತರೆ ಅವರೂ ನಿಂತರು. ಜನ ಮಾತ್ರ ಕಾಣಲಿಲ್ಲ. ಮೂಗಿಗೆ ಒದ್ದೆ ಹಗ್ಗದ ವಾಸನೆ, ಹೊಸ ಅಕ್ಕಿಯ ವಾಸನೆ. ಆ ಅಂಗಡಿಗಳಲ್ಲಿ ಅಕ್ಕಿ ಮಾರಿ ಎಷ್ಟು ಕಾಲ ಆಯಿತೋ ನನಗೇ ನೆನಪಿಲ್ಲ.

ಬಾವಿಯ ಹತ್ತಿರ ಬಂದ. ರಾಟೆ ತನ್ನಷ್ಟಕ್ಕೆ ತಿರುಗುತ್ತಿತ್ತು. ಕಿರ್ರ್... ಕಿರ್ರ್... ಹಗ್ಗ ಇರಲಿಲ್ಲ.

ರವಿರಾಜ ಮೊಬೈಲಿನ ಲೈಟು ಹಾಕಿ ಬಲಗೈ ಮೇಲೆತ್ತಿದ, ದೂರ ಕಾಣಲಿ ಅಂತ. ಬಾವಿಕಟ್ಟೆ ಕಂಡಿತು. ಹರಳಿನ ರಾಶಿ ಕಂಡಿತು. ಕಲ್ಲು ಇರಲಿಲ್ಲ. ಕಲ್ಲಿದ್ದ ಜಾಗದಲ್ಲಿ ಒಂದು ಕುಳಿ. ಹಲ್ಲು ಕಿತ್ತ ಹಾಗೆ.

ಲೈಟು ಆರಿತು. ಕೈ ಇಳಿಸಲು ನೋಡಿದ. ಇಳಿಯಲಿಲ್ಲ.

ಬೆನ್ನ ಹಿಂದೆ ಬಳೆ ಸದ್ದು. ಗಾಜಿನದಲ್ಲ. ಕಲ್ಲಿಗೆ ಕಲ್ಲು ತಾಗಿದ ಹಾಗೆ, ಕಟಕಟ.

"ಬನಿ... ಬನಿ. ಹತ್ರ ಬನಿ. ಹಿಂದಿಪ್ಪರಿಗೂ ಕಾಣ್ಕ್ ಅಲ್ದಾ..."

ಹೆಜ್ಜೆಗಳು ಅವನ ಸುತ್ತ ಬಂದು ನಿಂತವು.

"ಇವ ಯಾರ್ ಗೊತ್ತಿತ್ತಾ?" ಆ ದನಿ ಕೇಳಿತು. ಸಿಟ್ಟಿಲ್ಲ ಅದರಲ್ಲಿ. ಸಂತೋಷದ ದನಿ, ಕತೆ ಹೇಳುವವರ ದನಿ. "ಇವ ಪದ್ದು ಮಗ ರವಿರಾಜ. ಪದ್ದು ಸಾಯ್ವ ರಾತ್ರಿ ಮನೆಯಂಗೆ ಇವ ಒಬ್ನೇ. ಹೆತ್ತ ಅಬ್ಬಿ ನೀರ್ ನೀರ್ ಅಂದ್ಳ್. ಇವ ಮೊಬೈಲ್ ಕಾಣ್ತಾ ಕೂಕಂಡಿದ್ದ. ಕಡಿಗೆ ಕೈ ಎತ್ತಿ 'ಸುಮ್ನಿರ್' ಅಂದ. ಕಾಣಿ... ಕೈ ಕಾಣಿ. ಅಬ್ಬಿ ಒಣ ಬಾಯಂಗೇ ಹೋದ್ಳ್."

"ಅಯ್ಯೋ ದೇವ್ರೆ," ಅಂತ ಒಂದು ಮುದಿ ದನಿ. "ತಾಯಿಗಾ?" ಇನ್ನೊಂದು. ಮತ್ತಾರೋ ಕೊಂಕಣಿಯಲ್ಲಿ ಏನೋ ಅಂದರು. ಮತ್ತೊಂದು ಯಾವ ದೇಶದ ಭಾಷೆಯೋ.

ಈಗ ಇಲ್ಲಿ ನಿಜ ಏನು ಅಂತ ನಾನು ಹೇಳಬೇಕು. ಎರಡು ವರ್ಷದ ಹಿಂದೆ ಪದ್ದು ತೀರಿಕೊಂಡ ರಾತ್ರಿ ರವಿರಾಜನ ಹೆಂಡತಿ ಸುಗಂಧಿ ಬಾಣಂತನಕ್ಕೆ ಹೆಮ್ಮಾಡಿಯ ತವರಿನಲ್ಲಿದ್ದಳು. ನಾನು ಬೈಂದೂರಿನಲ್ಲಿದ್ದೆ, ಬಂದು ಮುಟ್ಟಿದ್ದು ಬೆಳಿಗ್ಗೆ. ಮನೆಯಲ್ಲಿದ್ದದ್ದು ತಾಯಿ, ಮಗ, ಇಬ್ಬರೇ. ಮೂರು ಗಂಟೆಗೆ ಅವಳು ಬಾಯಿ ತೆರೆದಳು. ಅವನು ಚಮಚದಲ್ಲಿ ತುಳಸಿ ನೀರು ಹಾಕಿದ. ಅರ್ಧ ಒಳಗೆ ಹೋಯಿತು. ಅರ್ಧ ಕೆನ್ನೆಯಿಂದ ಇಳಿದು ಕಿವಿಗೆ ಹೋಯಿತು. ಅವನು ಅಂಗಿಯ ಚುಂಗಿನಿಂದ ಕಿವಿ ಒರೆಸಿದ. ಆ ಅಂಗಿಯನ್ನು ಅವನು ಆಮೇಲೆ ಒಗೆಯಲೂ ಇಲ್ಲ, ಹಾಕಲೂ ಇಲ್ಲ. ಅವನ ಹತ್ತಿರ ಇರುವ ದೊಡ್ಡ ವಸ್ತು ಅದೊಂದೇ, ತಾಯಿಗೆ ನೀರು ಕೊಟ್ಟೆ ಅನ್ನುವುದು. ಅದನ್ನು ಕಂಡವರು ಯಾರೂ ಇಲ್ಲ.

"ಸುಳ್ಳ್!" ಅಂತ ಕಿರುಚಲು ನೋಡಿದ. "ನಾ ಕೊಟ್ಟಿದೆ! ನಾ ಕೊಟ್ಟಿದೆ!" ಬಾಯಿಯಿಂದ ಗಾಳಿ ಮಾತ್ರ ಬಂತು.

"ಇದ್ ನಿಜವಾ?" ಅಂತ ಗುಂಪಿನಲ್ಲಿ ಯಾರೋ ಕೇಳಿದರು.

"ಸುಳ್ಳಾರೆ ಅವ್ನೇ ಹೇಳ್ಲಿ ಕಾಂಬ," ಅಂದಿತು ದನಿ. "ಕಲ್ಲ್ ಮಾತಾಡತ್ತಾ?"

ಎಲ್ಲರೂ ನಕ್ಕರು. ಜೋರಾಗಿ ಅಲ್ಲ. ಕೊಡಪಾನ ಬಗ್ಗಿಸಿದಾಗ ನೀರು ಬೀಳುತ್ತದಲ್ಲ, ಗುಳುಗುಳು... ಹಾಗೆ.

"ಒಬ್ರಿಗೆ ಒಂದೇ ಕಲ್ಲ್. ಗುರಿ ತಪ್ಪಿರೆ ಮತ್ತೊಂದಿಲ್ಲ."

ಟಕ್. ಭುಜಕ್ಕೆ. ಟಕ್. ಬೆನ್ನಿಗೆ. ದೊಡ್ಡ ಪೆಟ್ಟಲ್ಲ, ಹುಣಸೆ ಬೀಜ ಎಸೆದಷ್ಟು. ಎಸೆದವರು ಸಾಲಿನಲ್ಲಿ ಬಂದು, ಎಸೆದು, ಹೊಳೆಯ ಕಡೆಗೆ ಹೋದರು. ಹೋಗುತ್ತ ಮಾತಾಡಿಕೊಂಡರು. "ಮುಖ ಕಂಡ್ರೇ ಗೊತ್ತಾತ್ತ್." "ಹೌದೌದ್, ಕಣ್ಣಂಗೇ ಇತ್ತ್." ಅವನಿಗೆ ಕಲ್ಲು ತಾಗಲಿಲ್ಲವಂತೆ. ಆ ಮಾತು ತಾಗಿತಂತೆ. ಕೊನೆಯ ಕಲ್ಲು ಎತ್ತಿದ ಕೈಯ ಕಿರುಬೆರಳಿಗೆ ಬಂತು. ಟಣ್...

"ಹ್ವಾಯ್! ಯಾರದ್ ಅಲ್ಲ್?"

ಬಾಗಿಲು ತೆಗೆದ ಸದ್ದು. ಟಾರ್ಚಿನ ಬೆಳಕು. ಅಮ್ಮಣ್ಣಿ ಜಗಲಿಯಲ್ಲಿ ನಿಂತಿದ್ದಳು. ಬೆಳಕಿನಲ್ಲಿ ಕೇರಿ ಖಾಲಿ. ರಾಟೆ ನಿಂತಿತ್ತು. ಕಲ್ಲು ತನ್ನ ಜಾಗದಲ್ಲಿ ಇತ್ತು.

"ರವಿಯಾ? ಕೈ ಎತ್ಕಂಡ್ ಎಂತಕೆ ನಿಂತಿದೆ ಮಾರಾಯಾ?"

ಕೈ ಆಗ ಇಳಿಯಿತು. ಅವನು ಬಾವಿಕಟ್ಟೆಯ ಮೇಲೆ ಕುಸಿದ. ಅಮ್ಮಣ್ಣಿ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕೊಟ್ಟಳು. ಅವನು ಕುಡಿದ. ಅರ್ಧ ಅಂಗಿಯ ಮೇಲೆ ಹೋಯಿತು.

"ದೊಡ್ಡಮ್ಮ... ಬೆರಳ್ ನನ್ ಹತ್ರ ಇತ್ತ್. ರಿಕ್ಷಾದಂಗೆ."

"ನಂಗೊತ್ತಿತ್ತ್," ಅಂದಳು. "ನಾಳೆ ತಕಂಡ್ ಬಾ."

"ಅವ್ಳ್ ಯಾರ್ ದೊಡ್ಡಮ್ಮ?"

"ಗೊತ್ತಿಲ್ಲ."

"ನಿಮ್ ಅತ್ತಿ ಎಂತ ಹೇಳಿದ್ರ್?"

"ಅವ್ರೂ ಗೊತ್ತಿಲ್ಲ ಅಂದಿದ್ರ್. ನೀರ್ ಹಾಕ್ ಅಂದಿದ್ರ್, ಅಷ್ಟೇ. ಗೊತ್ತಿಲ್ಲ ಅಂಬುಕೆ ಎಂತ ನಾಚ್ಕಿ ಮಗಾ?"

ಮನೆಗೆ ಹೋದಾಗ ಸುಗಂಧಿ ಅವನ ಬೆನ್ನು ನೋಡಿದಳು. ತೊಗರಿಬೇಳೆಯಷ್ಟು ತೊಗರಿಬೇಳೆಯಷ್ಟು ಕೆಂಪು ಕಲೆ, ಬೆನ್ನು ತುಂಬ. "ಇದೆಂತ?" ಅಂದಳು. "ಚಗಳಿ" ಅಂದ. ಕೆಂಪಿರುವೆ ಕಡಿದದ್ದು ಅಂತ. ಆ ದನಿ ತನ್ನ ಬಗ್ಗೆ ಹೇಳಿದ ಮಾತನ್ನು ಅವನು ಅವಳಿಗೆ ಹೇಳಲಿಲ್ಲ. ಅಮ್ಮಣ್ಣಿಗೂ ಹೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ... ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಹೇಳಿದರೆ ಕೇಳಿದವರ ತಲೆಯಲ್ಲಿ ಅದು ಕೂತುಬಿಡುತ್ತದೆ.

ಮಾರನೇ ದಿನ ಗ್ಯಾರೇಜಿನಿಂದ ಬೆರಳು ತಂದ. ಅಂಟಿಸಲೋ ಅಂತ ಕೇಳಿದ. ಅಮ್ಮಣ್ಣಿ, "ಬ್ಯಾಡ, ಕಾಲ್ ಬುಡದಂಗೆ ಇಡ್. ಅವ್ಳ್ ಕಂಡ್ಕಣ್ಲಿ" ಅಂದಳು. ಇಬ್ಬರೂ ಸೇರಿ ಹರಳಿನ ರಾಶಿಯನ್ನು ಬುಟ್ಟಿಯಲ್ಲಿ ತುಂಬಿ ಹೊಳೆಗೆ ಸುರಿದರು. ಹದಿನೇಳು ಬುಟ್ಟಿ. ರವಿರಾಜನ ಕಿರುಬೆರಳಿನ ಉಗುರು ಕಪ್ಪಾಗಿತ್ತು. ಆಮೇಲೆ ಬಿದ್ದುಹೋಯಿತು. ಇವತ್ತಿಗೂ ಹುಟ್ಟಲಿಲ್ಲ.

ಅವನು ಪ್ರಜ್ಞಾಳಿಗೆ ಫೋನು ಮಾಡಿ ಕರೆಸಿದ. ಅದೇ ಕಲ್ಲಿನ ಮುಂದೆ ನಿಂತು, "ನಾ ಹೇಳದ್ ಪೂರಾ ಸುಳ್ಳ್. ಇವ್ಳ್ ಯಾರ್ ಅಂದ್ ನಂಗ್ ಗೊತ್ತಿಲ್ಲ. ಕಲ್ಲ್ ಹಾಕ್ಬೇಡಿ" ಅಂದ. ಆ ಮೂರು ಮಾತು ಹೇಳಲು ಅವನು ಬೆವರಿ ನೀರಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆತನದಲ್ಲಿ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದವ ಅವನೇ ಮೊದಲಿಗ. ಪ್ರಜ್ಞಾ ಪಾಪ, ಚಂದ ಮಾಡಿ ಹಾಕಿದಳು. ಮೊದಲನೆಯದನ್ನು ನೋಡಿದವರು ಲಕ್ಷ. ಇದನ್ನು ನೋಡಿದವರು ನಲವತ್ತೊಂದು ಜನ. ಅದರಲ್ಲಿ ಎರಡು ಸಲ ನಾನೇ.

ಕಲ್ಲು ಬೀಳುವುದು ನಿಲ್ಲಲಿಲ್ಲ. ಸುಳ್ಳು ಕೇಳಿದವರೆಲ್ಲ ಬರುತ್ತಲೇ ಇದ್ದರು, ಬರುವಾಗಲೇ ಹರಳು ಹೆಕ್ಕಿಕೊಂಡು. ಹಾಗಾಗಿ ರವಿರಾಜ ಭಾನುವಾರ ರಿಕ್ಷಾ ಓಡಿಸುವುದನ್ನೇ ಬಿಟ್ಟ. ಬೆಳಿಗ್ಗೆಯಿಂದ ಸಂಜೆವರೆಗೆ ಆ ಕಲ್ಲಿಗೆ ಬೆನ್ನು ಕೊಟ್ಟು, ಬಲಗೈ ಎತ್ತಿ, ಅಂಗೈ ತೋರಿಸಿ ನಿಲ್ಲುತ್ತಾನೆ. "ಬ್ಯಾಡಿ. ಹಾಕ್ಬೇಡಿ. ಅದ್ ಸುಳ್ಳ್." ಕೆಲವರು ಕೇಳುತ್ತಾರೆ. ಕೆಲವರು ಅವನ ತಲೆಯ ಮೇಲಿಂದ ಎಸೆಯುತ್ತಾರೆ. ಹಿಂದೆ ಕಲ್ಲಿನ ಕೈ, ಮುಂದೆ ಇವನ ಕೈ. ಎರಡಕ್ಕೂ ಒಂದೇ ಬೆರಳಿಗೆ ಊನ.

ಹಾಗೆ ನಿಂತ ಮೂರನೇ ಭಾನುವಾರ, ಶಿವಮೊಗ್ಗದ ಕಡೆಯ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಏಳೆಂಟು ವರ್ಷದ ಹೆಣ್ಣುಮಗು. ಮಗುವಿನ ಮುಷ್ಟಿ ಮುಚ್ಚಿತ್ತು. ಅದು ಕಲ್ಲನ್ನು ನೋಡಲೇ ಇಲ್ಲ. ರವಿರಾಜನನ್ನೇ ಮೇಲಿಂದ ಕೆಳಗೆ ನೋಡಿತು. ಆಮೇಲೆ ಅಪ್ಪನ ಅಂಗಿ ಜಗ್ಗಿ ಕೇಳಿತು.

"ಅಪ್ಪಾ, ಅಮ್ಮಂಗೆ ನೀರು ಕೊಡ್ದೆ ಇದ್ದೋರು ಇವ್ರೇನಾ?"

ರವಿರಾಜನ ಎತ್ತಿದ ಕೈ ಹಾಗೇ ನಿಂತಿತು.

ಅಪ್ಪನ ಮುಖ ಕೆಂಪಾಯಿತು. "ಸುಮ್ನಿರು ಪುಟ್ಟಿ! ತಪ್ಪು ತಿಳ್ಕೋಬೇಡಿ ಸಾರ್. ಅಲ್ಲಿ ಆಲದ ಮರದ ಹತ್ರ ಒಬ್ರು ಅಜ್ಜಿ ಜನ ಸೇರಿಸ್ಕೊಂಡು ಹೇಳ್ತಾ ಇದ್ರು. ಇವಳು ಕೇಳಿಸ್ಕೊಂಡು ಬಂದಿದಾಳೆ."

"ಯಾವ್... ಯಾವ್ ಅಜ್ಜಿ?"

"ನಾವು ಮುಖ ನೋಡ್ಲಿಲ್ಲ. ಕೈ ತುಂಬ ಬಳೆ ಹಾಕಿದ್ರು."

ಅಮ್ಮಣ್ಣಿ ಆಗ ಜಗಲಿಯಲ್ಲೇ ಕೂತು ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಅವಳ ಕೈಯಲ್ಲಿ ಬಳೆ ಇಲ್ಲ. ಗಂಡ ಹೋಗಿ ಹತ್ತೊಂಬತ್ತು ವರ್ಷ.

ಮಗು ಮುಷ್ಟಿ ತೆರೆಯಿತು. ಕರೀ ಕಲ್ಲು, ಈಗಷ್ಟೇ ನೀರಿನಿಂದ ತೆಗೆದ ಹಾಗೆ ಒದ್ದೆ. ನುಣುಪು. ಗೋಲಿಯಷ್ಟು ದುಂಡಗೆ. ನಮ್ಮ ಕೇರಿಯಲ್ಲಿ ಇರುವುದು ಕೆಂಪು ಮುರಕಲ್ಲಿನ ಹರಳು, ಇಲ್ಲವಾದರೆ ಜಲ್ಲಿ. "ಅಜ್ಜಿ ಕೊಟ್ರು. ಒಬ್ರಿಗೆ ಒಂದೇ ಅಂತೆ," ಅಂದಿತು ಮಗು. "ಎಸೀಲಾ?"

ಸುಳ್ಳು ಅಂತ ಹೇಳಲು ರವಿರಾಜನ ಬಾಯಿ ಈಗ ಸರಿಯಾಗಿಯೇ ಇತ್ತು. ಹಗಲು. ಜನ ಇದ್ದರು. ಹೇಳಬಹುದಿತ್ತು. ಅವನು ಹಿಂದೆ ತಿರುಗಿ ಕಲ್ಲಿನ ಹೆಂಗಸಿನ ಮುಖ ನೋಡಿದ. ಆಮೇಲೆ ಮಗುವಿನ ಮುಂದೆ ಮಂಡಿಯೂರಿ ಕೂತು, ಎತ್ತಿದ್ದ ಅಂಗೈಯನ್ನೇ ಮಗುಚಿ ಅದರ ಮುಂದೆ ಹಿಡಿದ.

"ನಂಗೇ ಕೊಡ್ ಮಗಾ," ಅಂದ.

ಮಗು ಕೊಟ್ಟಿತು.

ಅವತ್ತು ಸಂಜೆ ಅವನು ಸೀದಾ ನನ್ನಲ್ಲಿಗೆ ಬಂದ. ಮೊದಲಿಂದ ಕೊನೆವರೆಗೆ ಎಲ್ಲ ಹೇಳಿದ. ಹೇಳಿ ಮುಗಿಸಿ ನನ್ನ ಮುಖ ನೋಡಿದ. ಅವನಿಗೆ ಬೇಕಾಗಿದ್ದದ್ದು ಒಂದೇ ಮಾತು. ನೀನು ಕೊಟ್ಟಿದ್ದೆ, ನನಗೆ ಗೊತ್ತು, ಅಂತ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು... ಅಷ್ಟೇ, ಅದಕ್ಕಿಂತ ಹೆಚ್ಚಲ್ಲ... ನಾನು ಸುಮ್ಮನಿದ್ದೆ. ಕೊಟ್ಟಿರಬಹುದಾ, ಇಲ್ಲವಾ ಅಂತ ತಲೆಯಲ್ಲಿ ಒಂದು ಹುಳ ಹರಿಯಿತು. ನನ್ನ ಮಡಿಲಲ್ಲಿ ಬೆಳೆದ ಹುಡುಗ ಅವನು. ಆಮೇಲೆ ಹೇಳಿದೆ, "ಕೊಟ್ಟಿದೆ ಮಾರಾಯಾ, ಕೊಟ್ಟಿದೆ." ಆದರೆ ಆ ಸುಮ್ಮನಿದ್ದದ್ದನ್ನು ಅವನು ಕಂಡಿದ್ದ. ನಾನು ಎಸೆದ ಕಲ್ಲು ಅದು. ಒಬ್ಬರಿಗೆ ಒಂದೇ.

ನಾನು 'ಹೀಗಾಯಿತು' ಅಂತ ಹೇಳಿದ ಬೇರೆ ಕತೆಗಳನ್ನೆಲ್ಲ ನೀವು ನಂಬದಿದ್ದರೂ ಅಡ್ಡಿಲ್ಲ. ಹೆಬ್ಬಾವು ಬೇಕಾದರೆ ಕೇರೆ ಹಾವು ಅಂತ ಇಟ್ಟುಕೊಳ್ಳಿ. ಇದನ್ನು ನಂಬಿ. ಅವನು ನೀರು ಕೊಟ್ಟಿದ್ದ. ಚಮಚದಲ್ಲಿ, ತುಳಸಿ ಹಾಕಿ. ಅರ್ಧ ಕಿವಿಗೆ ಹೋಗಿತ್ತು.

ಆ ಕಪ್ಪು ಕಲ್ಲನ್ನು ಅವನು ನನ್ನ ಮನೆಯಲ್ಲೇ ಬಿಟ್ಟುಹೋದ. ಅಗೋ, ಕಿಟಕಿಯಲ್ಲಿದೆ. ನಾನು ಈ ಬೇಸಿಗೆ ಪೂರ್ತಿ ಬಿಸಿಲಿನಲ್ಲಿ ಇಟ್ಟೆ, ಒಲೆಯ ದಂಡೆಯಲ್ಲಿ ಇಟ್ಟೆ. ಮುಟ್ಟಿ ನೋಡುವುದಾದರೆ ನೋಡಿ. ಕೈ ಒರೆಸಲು ಬೈರಾಸು ಅಲ್ಲೇ ನೇತುಹಾಕಿದ್ದೇನೆ.